ರಿಫ್ರೆಶ್ ಮಾಡಿದರೂ ಒಂಬತ್ತೇ ಹೆಸರು

ಬೋಟಿಗೆ ಹೋಗುವವರು ಹತ್ತು ಜನ. ನಮ್ಮ ಪ್ರೋಗ್ರಾಮು ಅಚ್ಚು ಮಾಡಿ ಕೊಟ್ಟ ಚೀಟಿಯಲ್ಲಿ ಒಂಬತ್ತು ಹೆಸರು. ಸಂಘದ ಕಚೇರಿಯ ಅಕ್ಕ ಚೀಟಿಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಒಂದು ಸಲ ಓದಿದರು, ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಓದಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

“ಹ್ವಾಯ್, ನನ್ ತಮ್ಮ ಎಲ್ಲಿ?”

ಇದು ನಡೆದದ್ದು 2016ರ ಜುಲೈ ಕೊನೆಯ ವಾರದ ಸೋಮವಾರ, ಬೈಂದೂರು ಕಡೆಯ ಒಂದು ಸಣ್ಣ ಬಂದರಿನಲ್ಲಿ, ಬೋಟು ಮಾಲೀಕರ ಸಂಘದ ಕಚೇರಿಯಲ್ಲಿ. ಮುಂದಿನ ಏಳು ದಿನಗಳನ್ನು ದಿನಚರಿ ಎದುರಿಟ್ಟುಕೊಂಡು ಬರೆಯುತ್ತಿದ್ದೇನೆ. ದಿನಚರಿ ಇದೆ ಎಂದ ಮಾತ್ರಕ್ಕೆ ಎಲ್ಲವೂ ಹೀಗೆಯೇ ನಡೆಯಿತು ಎಂದು ಆಣೆ ಮಾಡಲಾರೆ. ಒಂದು ಕಡೆಯಂತೂ ದಿನಚರಿಯೇ ತಪ್ಪು ಹೇಳುತ್ತಿದೆ. ಆ ಜಾಗ ಬಂದಾಗ ಹೇಳುತ್ತೇನೆ.

ಸಂಘಕ್ಕೆ ಈ ಪ್ರೋಗ್ರಾಮು ಬೇಕಾದದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಒಂದು ಬೋಟಿನ ಎಂಜಿನ್ ಕೆಟ್ಟು ಎರಡು ದಿನ ಕಡಲಲ್ಲಿ ತೇಲಿತ್ತು. ದಡದಲ್ಲಿದ್ದ ಪುಸ್ತಕದಲ್ಲಿ ಆ ಬೋಟಿನ ಎದುರು ಏಳು ಹೆಸರು. ಬೇರೆ ಬೋಟಿನವರು ಎಳೆದು ತಂದಾಗ ಇಳಿದದ್ದು ಎಂಟು ಜನ. ಎಂಟನೆಯವನು ಈ ಅಕ್ಕನ ತಮ್ಮ. ಆ ಎರಡೂ ದಿನ ಅಕ್ಕ ಇದೇ ಕುರ್ಚಿಯಲ್ಲಿ ಕೂತು ಉಳಿದ ಏಳು ಮನೆಗಳಿಗೆ ಫೋನ್ ಮಾಡಿ ಧೈರ್ಯ ಹೇಳುತ್ತಿದ್ದರಂತೆ, ತಮ್ಮ ಇನ್ನೊಂದು ಬೋಟಿನಲ್ಲಿ ಸುಖವಾಗಿದ್ದಾನೆ ಎಂದುಕೊಂಡು. ಪುಸ್ತಕ ಸಾಕು, ಕಂಪ್ಯೂಟರು ತನ್ನಿ ಎಂದು ಸಂಘದ ಸಭೆಯಲ್ಲಿ ಹಟ ಹಿಡಿದವರು ಅವರು. ಪ್ರತಿ ಬೋಟಿನ ಜನರನ್ನು ನೋಂದಾಯಿಸುವುದು, ಬೋಟು ಹೊರಡುವಾಗ ಚೀಟಿ ಅಚ್ಚು ಮಾಡುವುದು, ಚೀಟಿಯ ಒಂದು ಪ್ರತಿ ದಡದಲ್ಲಿ ಉಳಿಯುವುದು. ಕೆಲಸ ಇಷ್ಟೇ.

“ಮಂಜುನಾಥ ಖಾರ್ವಿ ಅಂತ ಇದೆಯಲ್ಲ ಅಕ್ಕ, ಐದನೇದು,” ಎಂದೆ.

“ಅದ್ ಬಡಾಮನಿ ಮಂಜುನಾಥ. ನನ್ ತಮ್ಮ ತೆಂಕ್‌ಮನಿ. ಇಬ್ರೂ ಒಂದೇ ಬೋಟಿಗ್ ಹೋಪುದ್. ಒಬ್ಬ ಕುಳ್ಳ, ಒಬ್ಬ ಉದ್ದ. ನಿಮ್ ಮಿಷನ್ನಿಗ್ ಕಣ್ಣಿಲ್ಯಾ?”

“ಮಿಷನ್ನಿಗೆ ಕಣ್ಣು ಎಲ್ಲಿಂದ ಅಕ್ಕ?”

“ಹಂಗಾರೆ ಹಾಕ್ಸ್ಕಂಡ್ ಬನ್ನಿ. ಬಪ್ಪು ಸೋಮವಾರ ಬೋಟ್ ಹೋಪುದ್. ಭಾನುವಾರದೊಳ್ಗ್ ಹತ್ತ್ ಹೆಸ್ರ್ ಬರ್ಲಿಲ್ಲ ಅಂದ್ರೆ ಪುಸ್ತಕವೇ ಅಂದಿದ್ರ್ ಅಧ್ಯಕ್ಷರು. ಪುಸ್ತಕ ಎಂತ ಮಾಡ್ತ್ ಅಂದ್ ನಂಗೊತ್ತಿತ್ತ್.”

ಮಳೆಗಾಲದ ಎರಡು ತಿಂಗಳ ನಿಷೇಧ ಮುಗಿಯುವುದು ಭಾನುವಾರ. ನನ್ನ ಕೈಯಲ್ಲಿ ಆರು ದಿನ ಇತ್ತು.

ತಪ್ಪು ಎಲ್ಲಿದೆ ಎಂದು ಅಲ್ಲಿಯೇ ಅರ್ಥವಾಯಿತು. ಇಬ್ಬರು ಮಂಜುನಾಥರೂ ಒಂದೇ ಊರಿನವರು. ಇಬ್ಬರೂ ಬರೆಸಿದ ಫೋನ್ ನಂಬರು ಬೋಟು ಕಟ್ಟುವ ದಕ್ಕೆಯ ಬಳಿಯ ಚಾ ಅಂಗಡಿಯದ್ದು. ಅಲ್ಲಿ ಅದೇ ರೂಢಿ. ತಮ್ಮ ಮೊಬೈಲು ತಮ್ಮ ಜೊತೆ ಕಡಲಿಗೆ ಹೋಗುತ್ತದೆ, ಮನೆಯ ಹೆಂಗಸರು ಬೆಳಿಗ್ಗೆಯೇ ಮೀನಿನ ಬುಟ್ಟಿ ಹಿಡಿದು ಹೊರಟಿರುತ್ತಾರೆ, ಯಾವಾಗ ಮಾಡಿದರೂ ಎತ್ತುವ ಫೋನು ಆ ಅಂಗಡಿಯದ್ದು ಮಾತ್ರ. ಹಾಗಾಗಿ ದಕ್ಕೆಯ ಅರ್ಧ ಜನರಿಗೆ ಅದೇ ನಂಬರು. ಬೋಟು ಬದಲಾಯಿಸಿದವರು ಎರಡೆರಡು ಸಲ ನೋಂದಾಯಿಸಿಕೊಳ್ಳುವುದು ಸಾಮಾನ್ಯ ಎಂದು ನಾವು ಒಂದು ನಿಯಮ ಬರೆದಿದ್ದೆವು: ಹೆಸರು, ಊರು, ಫೋನು ಮೂರೂ ಒಂದೇ ಇದ್ದರೆ ಆ ಇಬ್ಬರು ಒಬ್ಬನೇ. ಬಡಾಮನಿ, ತೆಂಕ್‌ಮನಿ ಎಂಬಂಥ ಮನೆಯ ಹೆಸರಿಗೆ ನನ್ನ ಪರದೆಯಲ್ಲಿ ಜಾಗ ಇತ್ತು, ನಿಯಮ ಮಾತ್ರ ಅದನ್ನು ನೋಡುತ್ತಿರಲಿಲ್ಲ.

ಪ್ರೋಗ್ರಾಮು ಬರೆದುಕೊಡುವ ಕುಂದಾಪುರದ ನಮ್ಮ ಸಣ್ಣ ಕಚೇರಿಯಲ್ಲಿ ಇದ್ದದ್ದು ಅದರ ಮಾಲೀಕರು ಮತ್ತು ನಾನು. ಮೂರನೆಯ ಸಹೋದ್ಯೋಗಿ ಬ್ರಹ್ಮಾವರದ ತನ್ನ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಪರದೆ, ಚೀಟಿ, ಅಚ್ಚು ನನ್ನವು. ಇಬ್ಬರು ಒಬ್ಬರೇ ಹೌದೋ ಅಲ್ಲವೋ ಎಂದು ಹೋಲಿಸಿ ಹೇಳುವ ಒಳಗಿನ ಭಾಗ ಅವನದು. ಅವನು ಅದನ್ನು ಬರೆದು, ಜಾರ್ ಎಂಬ ಒಂದೇ ಗಂಟಿನ ಫೈಲಾಗಿ ಕಟ್ಟಿ, ನಾವು ಬಾಡಿಗೆಗೆ ಹಿಡಿದ ಸರ್ವರಿಗೆ ಹಾಕುತ್ತಿದ್ದ. ನಾನು ಕೋಡ್ ಬರೆಯುತ್ತಿದ್ದ ಎಕ್ಲಿಪ್ಸ್‌ನಲ್ಲಿ ಪ್ರಾಜೆಕ್ಟಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ, ಬಿಡಿ ಭಾಗಗಳನ್ನು ಕೂಡಿಸುವ ಗ್ರೇಡಲ್ ಎಂಬಲ್ಲಿಗೆ ಹೋಗಿ, ರಿಫ್ರೆಶ್ ಎಂದು ಕೊಟ್ಟರೆ, ಅದು ಬೇಕಾದ ಭಾಗಗಳ ಪಟ್ಟಿಯಿರುವ ಬಿಲ್ಡ್ ಫೈಲನ್ನು ಹೊಸದಾಗಿ ಓದಿ, ಬೇಕಾದ ಜಾರ್‌ಗಳನ್ನು ಸರ್ವರಿನಿಂದ ತಂದು ಪ್ರಾಜೆಕ್ಟಿಗೆ ಜೋಡಿಸಬೇಕು. ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ನೆನಪಿಡದ ಹಾಗೆ ಅದನ್ನೂ ನೆನಪಿಡುವುದಿಲ್ಲ.

ಮಂಗಳವಾರ ಮಧ್ಯಾಹ್ನ ಸಹೋದ್ಯೋಗಿಯ ಫೋನ್ ಬಂತು.

“ಮನಿ ಹೆಸ್ರೂ ಸೇರ್ಸಿದೆ. ಸರ್ವರಿಗ್ ಹಾಕಿದೆ. ರಿಫ್ರೆಶ್ ಮಾಡಿ ಕಾಣಿ. ನನ್ ಹತ್ರ ಹತ್ತ್ ಬತ್ತ್.”

ರಿಫ್ರೆಶ್ ಕೊಟ್ಟೆ. ಕೆಳಗಿನ ಮೂಲೆಯಲ್ಲಿ ಹಸಿರು ಪಟ್ಟಿ ಓಡಿ ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಿತು. ಬೇಗ ಮುಗಿದದ್ದನ್ನು ನಾನು ಸರಿಯಾಗಿ ಮುಗಿದದ್ದು ಎಂದು ತಿಳಿದೆ. ಪ್ರೋಗ್ರಾಮು ಓಡಿಸಿ ಚೀಟಿ ತೆಗೆದೆ.

ಇಲ್ಲಿಯೇ ದಿನಚರಿಯ ತೊಂದರೆ. ಅಂದಿನ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: “ಹೋಲಿಕೆ ಭಾಗ ಬಂತು. ರಿಫ್ರೆಶ್ ಮಾಡಿದೆ. ಹತ್ತು.” ಆದರೆ ಅಂದು ಹತ್ತು ಬರಲು ಸಾಧ್ಯವೇ ಇರಲಿಲ್ಲ. ಬುಧವಾರ ಬೆಳಿಗ್ಗೆ ಮಾಲೀಕರ ಎದುರು ಅಚ್ಚಾದ ಚೀಟಿ ಇನ್ನೂ ನನ್ನ ಬಳಿ ಇದೆ. ಅದರಲ್ಲಿ ಒಂಬತ್ತು. ಹಾಗಾದರೆ ಮಂಗಳವಾರ ನಾನು ಕಂಡದ್ದೇನು? ಅವನು ಫೋನಿನಲ್ಲಿ ಹೇಳಿದ ಹತ್ತನ್ನೇ ನಾನು ಕಂಡ ಹತ್ತಾಗಿ ಬರೆದೆನೆ? ಅಥವಾ ಒಂದೇ ಹೆಸರಿನವರು ಇಲ್ಲದ ಬೇರೆ ಯಾವುದೋ ಬೋಟಿನ ಚೀಟಿ ತೆಗೆದು ನೋಡಿದೆನೆ? ಇಂದಿಗೂ ಗೊತ್ತಿಲ್ಲ. ಕಣ್ಣಿನಿಂದ ಕಂಡೆ ಎಂದು ನಾನು ಈಗ ಯಾರಿಗಾದರೂ ಹೇಳುವ ಮೊದಲು ಆ ಪುಟ ನೆನಪಾಗುತ್ತದೆ.

ಬುಧವಾರ ಒಂಬತ್ತು ಕಂಡಾಗ ಮತ್ತೆ ಫೋನ್ ಮಾಡಿದೆ.

“ಒಂಬತ್ತೇ ಬತ್ತ್ ಮಾರಾಯ.”

“ರಿಫ್ರೆಶ್ ಮಾಡಿದ್ರ್ಯಾ?”

“ಐದ್ ಸಲ ಮಾಡ್ದೆ.”

“ಆರನೇ ಸಲ ಮಾಡಿ ಕಾಣಿ. ನಿಮ್ಗ್ ಸಿಟ್ಟ್ ಬಪ್ಪತನಕ ಅದ್ ಕೇಂತಿಲ್ಲ.” ನಕ್ಕ. ಆಮೇಲೆ ಗಂಭೀರವಾಗಿ ಒಂದು ಕಾರಣ ಹೇಳಿದ. ನಮ್ಮ ಹೋಲಿಕೆ ಭಾಗಕ್ಕೆ ನಾವು ಪ್ರತಿ ಸಲ ಹೊಸ ಆವೃತ್ತಿಯ ಅಂಕಿ ಕೊಡುತ್ತಿರಲಿಲ್ಲ. ಕೆಲಸ ಇನ್ನೂ ನಡೆಯುತ್ತಿರುವ ಭಾಗಕ್ಕೆ ಸ್ನ್ಯಾಪ್‌ಶಾಟ್ ಎಂದು ಹೆಸರಿಟ್ಟು, ಹೆಸರು ಬದಲಾಯಿಸದೆ ಒಳಗಿನದನ್ನು ಮಾತ್ರ ಬದಲಾಯಿಸುವ ಪದ್ಧತಿ. ಅಂಥದ್ದನ್ನು ಗ್ರೇಡಲ್ ಒಮ್ಮೆ ತಂದರೆ ಇಪ್ಪತ್ನಾಲ್ಕು ಗಂಟೆ ಮತ್ತೆ ವಿಚಾರಿಸದೆ ತನ್ನ ದಾಸ್ತಾನಿನಿಂದಲೇ ಕೊಡುತ್ತದೆ. “ನಾಳಿಗ್ ಸರಿ ಆತ್ತ್. ಒಂದ್ ದಿನ ಕಾಣಿ.”

ಕಾರಣ ಎಷ್ಟು ಸರಿಯಾಗಿ ಕೇಳಿಸಿತೆಂದರೆ ನಾನು ಒಂದು ಇಡೀ ದಿನ ಸುಮ್ಮನೆ ಕಾದೆ. ಕಾಯುವುದೂ ಒಂದು ಕೆಲಸ ಎಂಬಂತೆ ದಿನಚರಿಯಲ್ಲಿ ಬರೆದಿದ್ದೇನೆ.

ಗುರುವಾರ ಬೆಳಿಗ್ಗೆ ರಿಫ್ರೆಶ್. ಒಂಬತ್ತು. ಎಕ್ಲಿಪ್ಸ್ ಮುಚ್ಚಿ ತೆರೆದೆ. ಒಂಬತ್ತು. ಹಳೆಯ ಬಿಲ್ಡ್ ಎಲ್ಲ ಅಳಿಸಿ ಹೊಸದಾಗಿ ಕಟ್ಟಿಸಿದೆ. ಒಂಬತ್ತು. ಪ್ರಾಜೆಕ್ಟನ್ನೇ ತೆಗೆದು ಹಾಕಿ ಮತ್ತೆ ಸೇರಿಸಿದೆ. ಇಬ್ಬರು ಮಂಜುನಾಥರನ್ನೂ ಅಳಿಸಿ, ಮನೆಯ ಹೆಸರುಗಳನ್ನು ಒಂದೊಂದೇ ಅಕ್ಷರ ನೋಡಿ ಮತ್ತೆ ಬರೆದೆ. ಚೀಟಿಯಲ್ಲಿ ಈ ಸಲ ತೆಂಕ್‌ಮನೆಯವನು ಉಳಿದು ಬಡಾಮನೆಯವನು ಮಾಯವಾದ. ಒಂದು ಕ್ಷಣ ಖುಷಿಯಾಯಿತು, ಅಕ್ಕನ ತಮ್ಮ ಸಿಕ್ಕಿದನಲ್ಲ ಎಂದು. ಆ ಖುಷಿ ನೆನೆದರೆ ಈಗ ನಾಚಿಕೆಯಾಗುತ್ತದೆ.

ಉಳಿದದ್ದು ಒಂದೇ ಉಪಾಯ. ಗ್ರೇಡಲ್ ತಾನು ತಂದದ್ದನ್ನೆಲ್ಲ ಕೂಡಿಡುವ ಫೋಲ್ಡರನ್ನೇ ಅಳಿಸಿಬಿಡುವುದು. ಕೈ ಹಾಕಿದ್ದೆ, ಮಾಲೀಕರು ಕಂಡರು.

“ಅರೆ, ಅದ್ ಮುಟ್ಬೇಡಿ. ಹೋದ್ ಮಳಿಗಾಲ ಅಳ್ಸಿ, ಎಲ್ಲ ಮತ್ತ್ ಬಪ್ಪುಕೆ ಒಂದ್ ದಿನ ಹಿಡ್ದಿತ್ತ್. ಈಗಿನ ಇಂಟರ್‌ನೆಟ್ ಲೈನಂಗೆ ಭಾನುವಾರವೂ ಬತ್ತಿಲ್ಲ.” ಮುಂಬೈಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು ಅವರು, ಅವಸರದ ಹೊತ್ತಿಗೆ ತುಂಬ ನಿಧಾನ ಮಾತಾಡುವವರು. “ದೇಖೋ, ಅವ ಹತ್ತ್ ಅಂತ, ನೀವ್ ಒಂಬತ್ತ್ ಅಂತ್ರಿ. ಇಬ್ರೂ ಸರಿ ಅಂದ್ರೆ ಹ್ಯಾಂಗೆ?”

“ಅವ ಸರ್ವರಿಗೆ ಹಾಕಿಲ್ಲ ಅನ್ಸತ್ತೆ,” ಎಂದೆ.

ಹೇಳಿದ್ದು ಇಷ್ಟೇ. ಮೂರು ದಿನದ ಗೊಂದಲಕ್ಕೆ ಆ ಒಂದು ವಾಕ್ಯ ಚೆನ್ನಾಗಿ ಹೊಂದಿಕೊಂಡಿತು. ಅವನು ಹಾಕಿಲ್ಲ, ಹಾಕಿದೆ ಎನ್ನುತ್ತಿದ್ದಾನೆ. ಹೀಗೆ ಅಂದುಕೊಂಡ ಮೇಲೆ ಎಲ್ಲವೂ ತಿಳಿದಂತಾಯಿತು. ನನ್ನ ಕಡೆಯಿಂದ ಹುಡುಕುವುದನ್ನು ನಾನು ಅಲ್ಲಿಗೆ ನಿಲ್ಲಿಸಿದೆ. ಮಾಲೀಕರು ಅವನಿಗೆ ಫೋನ್ ಮಾಡಿ ನನ್ನ ಮಾತನ್ನು ಹಾಗೆಯೇ ದಾಟಿಸಿದರು. ಐದು ನಿಮಿಷದಲ್ಲಿ ನನ್ನ ಫೋನ್ ಬಡಿದುಕೊಂಡಿತು.

“ನಾನ್ ಸುಳ್ಳ್ ಹೇಳ್ತಾ ಇದ್ದೆ ಅಂದ್ರ್ಯಾ?”

“ಹಾಗಂದಿಲ್ಲ.”

“ಮತ್ತೆಂತ ಅಂದದ್ದ್? ನಾಳಿಗ್ ಲ್ಯಾಪ್‌ಟಾಪ್ ಹಿಡ್ಕಂಡ್ ಮನಿಗ್ ಬನ್ನಿ. ಎರಡೂ ಪಕ್ಕ ಪಕ್ಕ ಇಟ್ಟ್ ಕಾಂಬ. ಫೋನಂಗೆ ಜಗಳ ಮಾಡ್ರೆ ಬೋಟ್ ಹೋತ್ತ್.”

ಶುಕ್ರವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಉಡುಪಿ ಬಸ್ಸು ಹತ್ತಿದೆ. ರಸ್ತೆ ಅಗಲ ಮಾಡುವ ಕೆಲಸ ಅರ್ಧಕ್ಕೆ ನಿಂತು ಕೋಟದಿಂದ ಸಾಸ್ತಾನದವರೆಗೆ ಬಸ್ಸು ಕೆಸರಿನಲ್ಲಿ ಆಚೆ ಈಚೆ ವಾಲುತ್ತ ಸಾಗಿತು. ತೊಡೆಯ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಅವನಿಗೆ ಹೇಳಬೇಕಾದ್ದನ್ನು ಜೋಡಿಸುತ್ತಿದ್ದೆ. ತಪ್ಪು ಅವನದೇ ಎಂದು ತೋರಿದರೆ ಏನು ಹೇಳಬೇಕು ಎಂಬುದು ಪೂರ್ತಿ ಸಿದ್ಧವಾಗಿತ್ತು. ನನ್ನದಾದರೆ ಏನು ಹೇಳಬೇಕು ಎಂಬುದನ್ನು ಯೋಚಿಸಿಯೇ ಇರಲಿಲ್ಲ.

ಅವನ ಮನೆಯ ಚಾವಡಿಯಲ್ಲಿ ಎರಡೂ ಯಂತ್ರಗಳನ್ನು ಒಂದೇ ಮೇಜಿನ ಮೇಲಿಟ್ಟೆವು. ಅವನು ಮೊದಲು ಸರ್ವರು ತೆರೆದು ತೋರಿಸಿದ. ಹೋಲಿಕೆ ಭಾಗ ಅಲ್ಲಿಯೇ ಇತ್ತು. ದಿನಾಂಕ ಮಂಗಳವಾರದ್ದು, ಹೊತ್ತು ಮಧ್ಯಾಹ್ನದ್ದು. ಆಮೇಲೆ ನನ್ನ ಎಕ್ಲಿಪ್ಸ್‌ನಲ್ಲಿ ಪ್ರಾಜೆಕ್ಟಿನ ಕೆಳಗಿನ ಜಾರ್‌ಗಳ ಸಾಲು ಬಿಚ್ಚಿ, ಹೋಲಿಕೆ ಭಾಗದ ಹೆಸರಿನ ಮೇಲೆ ನಿಂತು, ಅದು ನಿಜವಾಗಿ ಡಿಸ್ಕಿನ ಯಾವ ಜಾಗದಿಂದ ಬರುತ್ತಿದೆ ಎಂದು ನೋಡಿದೆವು. ಉದ್ದುದ್ದ ಅಂಕಿ ಅಕ್ಷರಗಳ ಹೆಸರಿನ ಫೋಲ್ಡರುಗಳ ಒಳಗೊಳಗೆ ಹೋಗಿ ಕೊನೆಗೆ ಫೈಲು ಸಿಕ್ಕಿತು. ಹೆಸರು ಒಂದೇ. ಗಾತ್ರ ಬೇರೆ. ದಿನಾಂಕ ಮೇ ತಿಂಗಳದ್ದು.

ಸೋಮವಾರ ಬಂದರಿಗೆ ಒಯ್ದದ್ದೂ ಇದೇ ಯಂತ್ರದಲ್ಲಿ ಕಟ್ಟಿದ ಪ್ರೋಗ್ರಾಮು. ಎರಡು ತಿಂಗಳಿನಿಂದ ನಾನು ಪ್ರತಿ ದಿನ ರಿಫ್ರೆಶ್ ಮಾಡಿದ್ದೇನೆ, ಪ್ರತಿ ಸಲವೂ ಮೇ ತಿಂಗಳ ಭಾಗವನ್ನೇ ಹೊಸದೆಂದು ಒಪ್ಪಿಕೊಂಡಿದ್ದೇನೆ.

ಅವನು ನನ್ನ ಎಕ್ಲಿಪ್ಸ್‌ನ ಸೆಟ್ಟಿಂಗ್ ತೆರೆದು ಗ್ರೇಡಲ್ ಪುಟಕ್ಕೆ ಹೋದ. ಆಫ್‌ಲೈನ್ ಎಂಬುದರ ಎದುರು ಸಣ್ಣ ಚೌಕದಲ್ಲಿ ಟಿಕ್ ಇತ್ತು.

“ಇದ್ ಯಾರ್ ಹಾಕದ್ದ್?”

“ನಾನಲ್ಲ.”

“ಹಂಗಾರೆ ನಾನ್ ಇಲ್ಲಿಂದ ಕೈ ಉದ್ದ ಮಾಡಿ ಹಾಕದ್ದ್ ಆಯ್ಕ್.”

ಟಿಕ್ ಇದ್ದರೆ ಗ್ರೇಡಲ್ ಹೊರಗೆ ಹೋಗುವುದಿಲ್ಲ. ತನ್ನ ದಾಸ್ತಾನಿನಲ್ಲಿ ಏನಿದೆಯೋ ಅದನ್ನೇ ಜೋಡಿಸಿ, ಕೆಲಸ ಮುಗಿಯಿತು ಎನ್ನುತ್ತದೆ. ಹೋಲಿಕೆ ಭಾಗಕ್ಕೆ ಹೊಸ ಅಂಕಿ ಕೊಟ್ಟಿದ್ದರೆ, ಇದು ನನ್ನ ಬಳಿ ಇಲ್ಲ ಎಂದು ಕೆಂಪಾಗಿ ಕೂಗುತ್ತಿತ್ತು. ಹೆಸರು ಅದೇ ಇದ್ದುದರಿಂದ ಕೂಗಲಿಲ್ಲ. ನಾಲ್ಕೈದು ಸೆಕೆಂಡಿನಲ್ಲಿ ಮುಗಿಯುತ್ತಿದ್ದುದರ ಗುಟ್ಟು ಇಷ್ಟೇ.

ನಾನು ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿ, ನನ್ನ ಯಂತ್ರದಲ್ಲಿ ಯಾರು ಕೈಯಾಡಿಸಿದ್ದು ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

“ನೀವೇ ಅಲ್ದಾ?” ಎಂದರು. “ಮೇ ತಿಂಗ್ಳಂಗೆ ದಿನಾ ಗುಡ್ಗ್. ವಯರ್ ತೆಗ್ದ್ರೆ ಗ್ರೇಡಲ್ ಕಾಯ್ತಾ ಕೂಕಂತ್, ಆಫ್‌ಲೈನ್ ಹಾಕುವ ಅಂದದ್ದ್ ನೀವ್. ನನ್ ಕಂಪ್ಯೂಟ್ರಿಗೂ ನೀವೇ ಹಾಕಿ ಕೊಟ್ರಿ. ಈಗ್ಳೂ ಇತ್ತ್ ಕಾಣಿ.”

ಮೇ ತಿಂಗಳ ಮಧ್ಯಾಹ್ನಗಳಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ, ಯಾರು ಹತ್ತಿರ ಇದ್ದಾರೋ ಅವರು ಎದ್ದು ಮೋಡೆಮ್ಮಿನ ಟೆಲಿಫೋನ್ ವಯರು ಕಿತ್ತು ಕಿಟಕಿಯ ಸರಳಿಗೆ ಸುತ್ತಿಡುವುದು ನಮ್ಮಲ್ಲಿ ವಾಡಿಕೆ. ಸಿಡಿಲಿಗೆ ಎರಡು ಮೋಡೆಮ್ ಸುಟ್ಟ ಮೇಲೆ ಯಾರೂ ಹೇಳಿಕೊಡದೆ ಬಂದ ಅಭ್ಯಾಸ. ಊರಿನ ಎಲ್ಲ ಮನೆ ಅಂಗಡಿಗಳಲ್ಲಿ ನಡೆಯುವುದೇ. ಇಷ್ಟೆಲ್ಲ ನನಗೆ ಸ್ಪಷ್ಟವಾಗಿ ನೆನಪಿದೆ. ಟಿಕ್ ಹಾಕಿದ್ದು ಮಾತ್ರ ನೆನಪಿಲ್ಲ. ಮನೆಗೆ ಬಂದ ಮೇಲೆ ಮೇ ತಿಂಗಳ ಪುಟಗಳನ್ನು ತಿರುವಿದೆ. ಒಂದು ಕಡೆ “ಗುಡುಗು, ಅರ್ಧ ದಿನ ಹಾಳು” ಎಂದಿದೆ. ಮರುದಿನ “ಇವತ್ತು ಗುಡುಗಿದ್ದರೂ ಕೆಲಸ ಸಾಗಿತು” ಎಂದಿದೆ. ಹೇಗೆ ಸಾಗಿತು ಎಂದು ಬರೆದಿಲ್ಲ. ಮಾಲೀಕರ ನೆನಪನ್ನು ನಂಬಬೇಕೋ, ನನ್ನದನ್ನೋ? ಎರಡು ಯಂತ್ರಗಳಲ್ಲೂ ಟಿಕ್ ಇದ್ದುದರಿಂದ ಅವರದನ್ನೇ ನಂಬಿದ್ದೇನೆ.

ಟಿಕ್ ತೆಗೆದು ರಿಫ್ರೆಶ್ ಕೊಟ್ಟೆವು. ಈ ಸಲ ಹಸಿರು ಪಟ್ಟಿ ಓಡಲಿಲ್ಲ, ತೆವಳಿತು. ಅವನು ಒಳಗೆ ಹೋಗಿ ಚಾ ತಂದ. ಚಾ ಮುಗಿದರೂ ಪಟ್ಟಿ ಅರ್ಧದಲ್ಲಿತ್ತು. ಕೊನೆಗೆ ಮುಗಿದು, ಚೀಟಿ ತೆಗೆದರೆ ಹತ್ತು ಹೆಸರು.

“ತಪ್ಪಾಯ್ತು,” ಎಂದೆ. “ನೀನ್ ಹಾಕಿಲ್ಲ ಅಂದದ್ದಕ್ಕೆ.”

“ಅಡ್ಡಿಲ್ಲ. ಇನ್ನ್ ಮೇಲೆ ನಾನ್ ಎಂತ ಹೇಳ್ರೂ ನೀವ್ ಒಪ್ಕಂಬುದ್,” ಎಂದ. ಸಿಟ್ಟು ಹೋಗಿರಲಿಲ್ಲ, ನಗುತ್ತಿದ್ದ ಅಷ್ಟೇ.

ಕತೆ ಅಲ್ಲಿಗೆ ಮುಗಿಯಿತು ಎಂದೇ ಶುಕ್ರವಾರದ ಪುಟ ಹೇಳುತ್ತದೆ. ಶನಿವಾರ ಬಂದರಿನ ಎಲ್ಲ ಬೋಟುಗಳ ನೋಂದಣಿಯನ್ನು ಹಿಂದಿನ ವರ್ಷದ ಪಟ್ಟಿಯ ಸಮೇತ ತಂದು ಹೊಸ ಭಾಗದಲ್ಲಿ ಓಡಿಸಿದೆ. ಅದೇ ಬೋಟಿನ ಚೀಟಿಯಲ್ಲಿ ಈಗ ಹನ್ನೊಂದು ಹೆಸರು.

ಹೆಚ್ಚಾದವನು ಬೋಟಿನ ಮುಖ್ಯಸ್ಥ, ತಾಂಡೇಲ. ಹಿಂದಿನ ವರ್ಷದ ಪುಸ್ತಕದಿಂದ ಇಳಿಸಿದ ಪಟ್ಟಿಯಲ್ಲಿ ಅವನಿಗೆ ತಾಯಿಯ ಮನೆಯ ಹೆಸರು ಇತ್ತು. ನಡುವೆ ಮದುವೆಯಾಗಿ ಹೆಂಡತಿಯ ಮನೆಯಲ್ಲಿ ನೆಲೆಸಿದ್ದ, ಈ ವರ್ಷ ಆ ಮನೆಯ ಹೆಸರು ಬರೆಸಿದ್ದ. ಮನೆಯ ಹೆಸರು ನೋಡದ ನಿಯಮ ಇಬ್ಬರನ್ನು ಒಬ್ಬನಾಗಿಸಿತ್ತು. ಮನೆಯ ಹೆಸರು ನೋಡುವ ನಿಯಮ ಒಬ್ಬನನ್ನು ಇಬ್ಬರಾಗಿಸಿತು. ಇಲ್ಲದ ಮನುಷ್ಯನೊಬ್ಬ ಚೀಟಿಯಲ್ಲಿದ್ದರೆ ಏನಾಗುತ್ತದೆ? ಬೋಟಿಗೆ ಏನಾದರೂ ಆದರೆ, ಸಿಕ್ಕದ ಒಬ್ಬನಿಗಾಗಿ ದಡದವರು ಕಡಲು ಹುಡುಕುತ್ತಲೇ ಇರುತ್ತಾರೆ. ಒಂದು ಹೆಸರು ಕಡಿಮೆಯಾಗುವುದು ವಾಸಿಯೋ, ಹೆಚ್ಚಾಗುವುದು ವಾಸಿಯೋ? ಗಂಟೆಗಟ್ಟಲೆ ಈ ಪ್ರಶ್ನೆಯ ಸುತ್ತ ತಿರುಗಿದೆ.

ಸಹೋದ್ಯೋಗಿ ಫೋನಿನಲ್ಲಿ ಒಂದೊಂದೇ ಉಪಾಯ ಹೇಳುತ್ತ ಹೋದ. ಹುಟ್ಟಿದ ದಿನ ಸೇರಿಸೋಣ ಎಂದ. ಪಟ್ಟಿ ನೋಡಿದೆ.

“ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದ್ದಾರೆ,” ಎಂದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ದಿನ ಅದು.

“ತಂದೆ ಹೆಸ್ರ್?”

“ಪುಸ್ತಕದಲ್ಲಿ ಇಲ್ಲ.”

“ಹಂಗಾರೆ ನೂರಕ್ಕ್ ಎಂಬತ್ತ್ ಹೊಂದಿದ್ರೆ ಒಬ್ಬ ಅಂಬ. ಮನಿ ಹೆಸ್ರಿಗ್ ಮೂವತ್ತ್, ಫೋನಿಗ್ ಹತ್ತ್...”

ಅವನು ಅಂಕ ಹಂಚುತ್ತಿದ್ದಾಗ ನನಗೆ ಸೋಮವಾರದ ಅಕ್ಕನ ಬೆರಳು ಕಣ್ಣ ಮುಂದೆ ಬಂತು. ಚೀಟಿ ಕಂಡ ಒಂದು ನಿಮಿಷದಲ್ಲಿ ಅವರಿಗೆ ಗೊತ್ತಾದದ್ದನ್ನು ನಾವು ಆರು ದಿನದಿಂದ ಯಂತ್ರಕ್ಕೆ ಕಲಿಸಲು ಹೆಣಗುತ್ತಿದ್ದೆವು.

“ಸೇರಿಸುವುದೇ ಬೇಡ,” ಎಂದೆ. “ಅನುಮಾನ ಇರುವ ಎರಡು ಹೆಸರನ್ನು ಹಳದಿ ಮಾಡಿ ತೋರಿಸಲಿ. ಒಬ್ಬರೋ ಇಬ್ಬರೋ ಅಂತ ಅಕ್ಕ ಒತ್ತಲಿ. ಒತ್ತದೆ ಚೀಟಿ ಬರುವುದು ಬೇಡ.”

“ಹಂಗಾರೆ ಕಂಪ್ಯೂಟರ್ ಎಂತಕೆ?”

“ಕೇಂಬುಕೆ,” ಎಂದೆ. ಮರೆಯದೆ ಕೇಳುವುದಕ್ಕೆ.

ಅವನು ಒಪ್ಪಿದನೋ, ಸುಸ್ತಾಗಿ ಬಿಟ್ಟನೋ ತಿಳಿಯದು. ತನ್ನ ಭಾಗವನ್ನು ಸಂಜೆಯೊಳಗೆ ತಿದ್ದಿದ. ನಾನು ಎರಡು ಷರತ್ತು ಹಾಕಿದೆ. ಸ್ನ್ಯಾಪ್‌ಶಾಟ್ ಎಂಬ ಹೆಸರು ಹೋಗಬೇಕು, ಪ್ರತಿ ಬದಲಾವಣೆಗೂ ಹೊಸ ಅಂಕಿ ಬೇಕು. ಆ ಅಂಕಿ ಚೀಟಿಯ ಮೂಲೆಯಲ್ಲಿ ಅಚ್ಚಾಗಬೇಕು. ರಿಫ್ರೆಶ್ ಕೊಟ್ಟು, ಜಾರ್‌ನ ದಿನಾಂಕ ಡಿಸ್ಕಿನಲ್ಲಿ ನೋಡಿ, ಕಟ್ಟಿ, ಚೀಟಿಯ ಮೂಲೆಯ ಅಂಕಿ ನೋಡಿ, ಆಮೇಲೆ ದಿನಚರಿಯಲ್ಲಿ ಬರೆದೆ.

ಭಾನುವಾರ ಬಂದರಿಗೆ ಹೋಗಿ ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದೆ. ಹೇಳದೆಯೂ ಇರಬಹುದಿತ್ತು. ಅವರು ಪೂರ್ತಿ ಕೇಳಿಸಿಕೊಂಡರು.

“ಅಂದ್ರೆ ನೀವ್ ಮೇ ತಿಂಗ್ಳ್ ಮೀನ್ ಜುಲೈಯಂಗೆ ತಂದ್ ಕೊಟ್ರಿ. ಕಿವಿ ಬಿಡ್ಸಿ ಹೊಸತಾ ಹಳತಾ ಅಂದ್ ಕಾಣ್ಲಿಲ್ಲ.”

“ಕಾಣಲಿಲ್ಲ ಅಕ್ಕ.”

“ಮೀನಾರೆ ವಾಸ್ನೆ ಬತ್ತಿತ್ತ್,” ಎಂದು ಕುರ್ಚಿ ಎಳೆದು ಕೂತರು. ಪರದೆಯಲ್ಲಿ ಇಬ್ಬರು ಮಂಜುನಾಥರು ಹಳದಿಯಾಗಿ ನಿಂತರು. ಅಕ್ಕ ‘ಇಬ್ಬರು’ ಎಂಬುದನ್ನು ಒತ್ತಿದರು. ತಾಂಡೇಲನ ಎರಡು ಸಾಲು ಬಂದವು. “ಇದ್ ಒಬ್ನೇ. ಎರಡ್ ಮನಿಯಂಗೂ ಊಟ ಮಾಡುವವ,” ಎಂದು ಒತ್ತಿದರು. ಚೀಟಿ ಬಂತು. ಬೆರಳಿಟ್ಟು ಓದಿ, ಒಯ್ದು ಅಧ್ಯಕ್ಷರ ಮೇಜಿನ ಮೇಲಿಟ್ಟರು. ಪುಸ್ತಕವನ್ನು ಯಾರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಐಸು ತುಂಬುವ ಗದ್ದಲ, ಊದುಬತ್ತಿಯ ಹೊಗೆ, ಡೀಸೆಲ್ ಹೊಗೆ. ಅಕ್ಕ ಒಂದೊಂದು ಬೋಟಿನ ಎದುರು ನಿಂತು ಚೀಟಿ ಹಿಡಿದು ಹೆಸರು ಕೂಗಿದರು. ಆ ಬೋಟಿನ ಹತ್ತೂ ಜನ ಓಗೊಟ್ಟರು. ಉದ್ದನೆಯ ಮಂಜುನಾಥ ಓಗೊಡುವಾಗ ಅಕ್ಕನ ಕಡೆ ನೋಡಿ ಹಲ್ಲು ಕಿರಿದ. ತಮ್ಮ ಅವನೇ ಎಂದು ಆಗ ತಿಳಿಯಿತು.

ಹಗ್ಗ ಬಿಚ್ಚುವಷ್ಟರಲ್ಲಿ ಪಕ್ಕದ ಬೋಟಿನಿಂದ ಕೂಗು ಕೇಳಿತು. ಅವರ ಎಂಜಿನ್ ನೋಡುವವನಿಗೆ ಜ್ವರ, ಬಂದಿಲ್ಲ. ಎಂಜಿನ್ ಕೆಲಸ ಗೊತ್ತಿದ್ದವನನ್ನು ಕಳಿಸಿ ಎಂದು ಕೇಳುತ್ತಿದ್ದರು. ತಾಂಡೇಲ ಒಪ್ಪಿ ತಲೆಯಾಡಿಸಿದ. ಅಕ್ಕನ ತಮ್ಮ ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಒಂದು ಹೆಜ್ಜೆಯಲ್ಲಿ ಆಚೆ ಬೋಟಿಗೆ ದಾಟಿದ. ದಾಟಿದ ಮೇಲೆ ಕೂಗಿದ:

“ಅಕ್ಕಾ, ನಾ ಇದ್ರಂಗೆ ಹೋತೆ!”

ಹಿಂದಿನ ವರ್ಷದಂಥದ್ದು ಇಷ್ಟು ಸಲೀಸಾಗಿ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಕ್ಕ ಇಡೀ ದಕ್ಕೆಗೆ ಕೇಳುವಂತೆ ಕಿರುಚಿದರು.

“ನಿಲ್ಲಾ! ಎರಡ್ ಬೋಟೂ ನಿಲ್ಸಿ! ನಂಗ್ ಬರ್ಕಂಬುಕ್ ಬಿಡಿ!”

ಎಂಜಿನ್‌ಗಳು ಗುಡುಗುಡಿಸುತ್ತ ನಿಂತವು. ಅಕ್ಕ ಚೀಟಿಯನ್ನು ನನ್ನ ಬೆನ್ನ ಮೇಲಿಟ್ಟು ಪೆನ್ನಿನಿಂದ ಗೀಚಿದರು. ನಾನು ತಿರುಗಿ ನೋಡಿದಾಗ ತೆಂಕ್‌ಮನಿ ಮಂಜುನಾಥನ ಸಾಲು ಹೊಡೆದು ಹಾಕಿತ್ತು. ಒಂದು ವಾರ ಆ ಸಾಲಿಗಾಗಿಯೇ ನಾವೆಲ್ಲ ಹೊಡೆದಾಡಿದ್ದೆವು. ಆಚೆ ಬೋಟಿನ ಚೀಟಿಯ ಕೊನೆಯಲ್ಲಿ ಅದೇ ಹೆಸರು ಅಕ್ಕನ ಕೈಬರಹದಲ್ಲಿ ಬಂತು. ಈ ಚೀಟಿಯಲ್ಲಿ ಬಡಾಮನಿ ಮಂಜುನಾಥನ ಸಾಲು ಹಾಗೆಯೇ ಉಳಿದಿತ್ತು. ಇಬ್ಬರಿಗೂ ಒಂದೇ ಸಾಲಿದ್ದ ಚೀಟಿಯಾಗಿದ್ದರೆ, ಒಬ್ಬ ದಾಟಿದ್ದಕ್ಕೆ ಆ ಸಾಲು ಹೊಡೆದು, ಇನ್ನೊಬ್ಬನನ್ನು ಹೆಸರಿಲ್ಲದೆ ಕಡಲಿಗೆ ಕಳಿಸುತ್ತಿದ್ದೆವು. ಅದನ್ನು ಅಕ್ಕನಿಗೆ ಹೇಳಬೇಕೋ ಬೇಡವೋ ತಿಳಿಯಲಿಲ್ಲ.

ಹೇಳುವ ಅಗತ್ಯ ಇರಲಿಲ್ಲ. ಅವರು ಆ ಸಾಲಿನ ಕೆಳಗೆ ಹೆಬ್ಬೆರಳು ಊರಿ ಮತ್ತೆ ಕೂಗಿದರು.

“ಬಡಾಮನಿ ಮಂಜುನಾಥಾ!”

ಬೋಟಿನ ಹಿಂಭಾಗದಲ್ಲಿ ಬಲೆ ಸರಿಮಾಡುತ್ತಿದ್ದ ಕುಳ್ಳನೆಯ ಮನುಷ್ಯ ತಲೆ ಎತ್ತಿದ.

“ಇಲ್ಲೇ ಇದ್ದೆ ಮಾರಾಯ್ತಿ. ಎಷ್ಟ್ ಸಲ ಕೇಂತೆ?”

“ಇನ್ನೊಂದ್ ಸಲ ಹೇಳ್,” ಎಂದರು ಅಕ್ಕ.